ನೀರಿಲ್ಲದ ಓಣಿಯ ಕಳ್ಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಹೊಟ್ಟೆಯಲ್ಲಿ ಸಿಟ್ಟೂ ಅಷ್ಟೇ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ದುಡಿಯಲು ತೆಲುಗು ಸೀಮೆಗೆ ಬಂದವರು ನಾವು. ಜೀಡಿಮೆಟ್ಲಾದ ನಮ್ಮ ಓಣಿಯಲ್ಲಿ ಬೋರಿನ ನೀರು ಚಹಾದ ಬಣ್ಣ. ಸುತ್ತ ಔಷಧಿ ಫ್ಯಾಕ್ಟರಿಗಳು, ಇನ್ನೇನು ಬರಬೇಕು? ಬಾಯಿಗೆ ಹಾಕಿದರೆ ನಾಲಿಗೆ ಉರಿಯುತ್ತಿತ್ತು. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಳ್ಳಿನ ಅಂಗಡಿ ಮಾತ್ರ ಒಂದು ದಿನವೂ ಮುಚ್ಚಲಿಲ್ಲ. ಸಂಜೆಯಾದರೆ ಗಂಡಸರು, ಹೆಂಗಸರು ಎಲ್ಲರೂ ಅಲ್ಲೇ. ಮಗಳು ಬಸುರಾದಾಗ, "ಕುಡಿ ನನ್ನವ್ವ, ಕಳ್ಳು ತಂಪು, ಹೊಟ್ಟಿಯೊಳಗಿನ ಕೂಸಿಗೂ ಚಲೋ" ಎಂದು ನಾನೇ ಕೈಯಾರೆ ಕುಡಿಸಿದೆ. ನಮ್ಮ ಓಣಿಯಲ್ಲಿ ಅದು ವಾಡಿಕೆ. ಅದಕ್ಕೆ ಮತ್ತಿನ ಪುಡಿ ಕಲಸುತ್ತಾರೆಂದು ಯಾರು ಹೇಳಿದ್ದರು? ಒಂದು ದಿನ ಕುಡಿಯದಿದ್ದರೆ ಅವಳ ಕೈ ಗಡಗಡ ನಡುಗತೊಡಗಿತು.

ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಇಬ್ಬರಿಗೂ ಬೈದರು. ನಮ್ಮ ಭಾಷೆಯ ನರ್ಸ್ ಒಬ್ಬಳಿದ್ದಳು. "ಒಮ್ಮಿಗೇ ಬಿಡಸಬ್ಯಾಡ್ರಿ ಆಯಿ. ಡಾಕ್ಟರ್ ಗುಳಿಗಿ ಕೊಡ್ತಾರ, ಅವರು ಹೇಳಿದಂಗ ಕಡಿಮಿ ಮಾಡ್ರಿ. ನೀರು ಮಾತ್ರ ಭಾಳ ಕುಡಸ್ರಿ" ಎಂದಳು.

"ಯಾವ ನೀರು ಕುಡಸ್ಲಿ ತಂಗಿ?"

ಅವಳು ಗುಳಿಗೆಯ ಚೀಟಿ ನನ್ನ ಕೈಗಿಟ್ಟು ಮುಂದಿನವರನ್ನು ಕರೆದಳು.

ನಾನು ಕಸ ಗುಡಿಸುವುದು ಕಂಪ್ಯೂಟರ್ ಕೆಲಸದವರ ಹೊಸ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಹುಲ್ಲಿಗೂ ಸಿಹಿ ನೀರು! ದಿನಾ ಎರಡು ಬಾಟಲಿ ತುಂಬಿಕೊಂಡು ಬರತೊಡಗಿದೆ. ರಾಯಚೂರು ಕಡೆಯ ವಾಚ್‌ಮನ್ ಗೇಟಿನಲ್ಲಿ ಹಿಡಿದ.

"ಆಯಿ, ಚೀಲದಾಗ ಏನೈತಿ?"

"ಬಂಗಾರ ಐತಿ. ತಗದು ನೋಡು."

"ನೀರು! ಕದ್ದು ಒಯ್ದರ ನನ್ನ ನೌಕರಿ ಹೋಗತೈತಿ ಬೇ."

"ಹುಲ್ಲು ಕುಡದರ ಹೋಗಂಗಿಲ್ಲ, ನನ್ನ ಬಸುರಿ ಮಗಳು ಕುಡದರ ಹೋಗತೈತೇನೋ?"

ಅವನು ಮುಖ ತಿರುಗಿಸಿದ. ಆಮೇಲೆ ದಿನಾ, ನಾನು ಹೊರಡುವ ಹೊತ್ತಿಗೆ ಅವನಿಗೆ ಆ ಕಡೆಯೇ ಏನೋ ಕಾಣಿಸುತ್ತಿತ್ತು.

ಮಗಳು ನಡುಗಿದಳು, ಬೆವೆತಳು, ನನಗೆ ಬಾಯಿಗೆ ಬಂದಂತೆ ಬೈದಳು. ಏಳನೇ ತಿಂಗಳಿಗೆ ಪೂರ್ತಿ ಬಿಟ್ಟಳು. ಕೂಸು ಹುಟ್ಟಿದಾಗ ವಾರ್ಡಿನ ಸೂರು ಹಾರುವಂತೆ ಅತ್ತಿತು. ಎಂಥ ದನಿ ಅಂತೀರಿ!

ಮನೆಗೆ ಕಳಿಸುವ ದಿನ ನರ್ಸ್ ಚೀಟಿ ಓದಿ ಹೇಳಿದಳು. ತಾಯಿಗೆ ಕಳ್ಳಿನ ಚಟವಿತ್ತು ಎಂದು ಬರೆದಿದ್ದರು.

"ಬಾಜೂಕ ಬರೀರಿ, ಕುಡಿಯಾಕ ನೀರಿರಲಿಲ್ಲ ಅಂತ."

"ಅದನ್ನ ಬರಿಯಾಕ ಇದರಾಗ ಖಾನೆ ಇಲ್ರಿ ಆಯಿ."

ಚಟಕ್ಕೆ ಖಾನೆ ಇದೆ, ನೀರಿಗಿಲ್ಲ! ನಾನು ಎರಡನೇ ಇಯತ್ತೆ ಓದಿದವಳು. ಪೆನ್ನು ಕಸಿದುಕೊಂಡು ಚೀಟಿಯ ಅಂಚಿನಲ್ಲಿ ದಪ್ಪಗೆ ಬರೆದೆ: ನೀರಿರಲಿಲ್ಲ.

"ಕನ್ನಡ ಇಲ್ಲಿ ಯಾರು ಓದ್ತಾರ್ರಿ?" ಎಂದು ನರ್ಸ್ ನಕ್ಕಳು.

ಮೊಮ್ಮಗಳನ್ನು ಎದೆಗವಚಿಕೊಂಡು ಎದ್ದು ನಿಂತೆ. ಡಾಕ್ಟರಮ್ಮನ ಕೋಣೆಗೂ ಕೇಳುವಂತೆ, ಬರೆದದ್ದನ್ನೇ ತೆಲುಗಿನಲ್ಲಿ ಕೂಗಿ ಹೇಳಿದೆ.