ಕಾರಿಡಾರಿನ ಪಾಳಿ

ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದವನನ್ನು ಎಲ್ಲರೂ ಬೀಕರಣ್ಣ ಅಂತಲೇ ಕರೆಯುತ್ತಿದ್ದರು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಅಟೆಂಡರ್. ಗಾಜಿನ ಬೀಕರು, ನಳಿಕೆಗಳನ್ನು ತೊಳೆದು ಒರೆಸಿ ಕಪಾಟಿನಲ್ಲಿಡುವುದು ಅವನ ಕೆಲಸ. ಹೆಂಡತಿ ನರ್ಸ್. ಭಾನುವಾರದ ಡ್ಯೂಟಿಗೆ ಭತ್ಯೆ ಹೆಚ್ಚು ಎಂದು ಅವಳು ತನ್ನ ಭಾನುವಾರಗಳನ್ನೆಲ್ಲ ಆಸ್ಪತ್ರೆಗೇ ಬರೆದುಕೊಟ್ಟಿದ್ದಳು.

ಪ್ರಯೋಗಾಲಯದ ಟೆಕ್ನಿಷಿಯನ್ ನಿವೃತ್ತರಾಗುವುದರಲ್ಲಿದ್ದರು. ಒಂದು ವರ್ಷದ ಡಿಪ್ಲೊಮಾ ಮಾಡಿಕೊಂಡರೆ ಆ ಹುದ್ದೆ ಬೀಕರಣ್ಣನಿಗೆ. ಆಗ ಹೆಂಡತಿ ಭಾನುವಾರ ಮನೆಯಲ್ಲಿರಬಹುದು. ಆದರೆ ಡಿಪ್ಲೊಮಾದ ತರಗತಿ ನಡೆಯುತ್ತಿದ್ದದ್ದು ರೈಲಿನಲ್ಲಿ ಹೋಗಬೇಕಾದ ಇನ್ನೊಂದು ಊರಿನ ವಿಶ್ವವಿದ್ಯಾಲಯದಲ್ಲಿ, ಅದೂ ಭಾನುವಾರಗಳಂದು. ಹೆಂಡತಿಯ ಭಾನುವಾರವನ್ನು ಮನೆಗೆ ತರಲು ಅವನು ತನ್ನದನ್ನೂ ಹೊರಗೆ ಕಳಿಸಿದ.

"ಮಕ್ಕಳನ್ನ ಏನ್ ಮಾಡ್ತೀಯಪ್ಪ?" ಅಂತ ಕೇಳಿದೆ.

"ಜೊತೆಗೇ ಬರ್ತಾರಮ್ಮ. ಅಷ್ಟು ದೊಡ್ಡ ವಿಶ್ವವಿದ್ಯಾಲಯ, ಇಬ್ಬರಿಗೆ ಜಾಗ ಆಗಲ್ವಾ?"

ಮಗಳು ಎರಡನೇ ಕ್ಲಾಸು. ಮಗ ಇನ್ನೂ ಬಲಗಾಲಿಗೆ ಎಡಗಾಲಿನ ಬೂಟು ಹಾಕಿಕೊಳ್ಳುವ ವಯಸ್ಸು. ಮೊದಲ ದಿನ ಬೀಕರಣ್ಣ ಮಗನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿದ್ದಾಗ ಮೇಡಂ ಹಾಜರಿ ಕರೆದರು. ಅಪ್ಪನ ಹೆಸರು ಬಂದದ್ದೇ ಮಗಳು ಎದ್ದು ನಿಂತು "ಹಾಜರ್!" ಎಂದಳು.

ಮೇಡಂ ಕನ್ನಡಕ ಸರಿಸಿ ನೋಡಿದರು. "ಅರ್ಜಿಯಲ್ಲಿ ವಯಸ್ಸು ಸ್ವಲ್ಪ ಜಾಸ್ತಿ ಬರೆದಿದ್ದೀರಿ."

ಅಷ್ಟರಲ್ಲಿ ಒದ್ದೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಜವಾದ ವಿದ್ಯಾರ್ಥಿ ಬಂದ. ಮೇಡಂ ಬಯ್ಯಲಿಲ್ಲ. "ಮಕ್ಕಳು ತರಗತಿಯೊಳಗೆ ಇರೋ ಹಾಗಿಲ್ಲ. ಹಾಜರಿ ಕಮ್ಮಿಯಾದ್ರೆ ನೀವು ಪರೀಕ್ಷೆಗೆ ಕೂರೋ ಹಾಗಿಲ್ಲ. ಎರಡೂ ನಾನು ಮಾಡಿದ ನಿಯಮ ಅಲ್ಲ" ಎಂದರು.

ಬೀಕರಣ್ಣ ಚೀಲ ಎತ್ತಿಕೊಂಡ. ಆಗ ಹಿಂದಿನ ಬೆಂಚಿನಿಂದ ಔಷಧದಂಗಡಿಯವನೊಬ್ಬ ಎದ್ದ. "ನೀವು ಕೂತ್ಕೊಳ್ಳಿ ಅಣ್ಣ. ಈ ಗಂಟೆ ನಾನು ನೋಡ್ಕೋತೀನಿ. ನಾನೂ ಮಕ್ಕಳಿರೋನೇ."

ತರಗತಿಯೆಲ್ಲ ಅವನನ್ನು ಮೆಚ್ಚಿತು. ಮೇಡಂ ಆಮ್ಲ, ಪ್ರತ್ಯಾಮ್ಲ ಎಂದು ಓದತೊಡಗಿದರು. ಹೊರಗೆ ಕಾರಿಡಾರಿನಲ್ಲಿ ಔಷಧದಂಗಡಿಯವನು ಕುದುರೆಯಾಗಿ ಓಡುತ್ತಿದ್ದದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಆಕಳಿಸುತ್ತ ಕೂತಿದ್ದವರಿಗೆ ಜ್ಞಾನೋದಯವಾಯಿತು. ಮುಂದಿನ ಗಂಟೆಗೆ ಬಣ್ಣದ ಕಾರ್ಖಾನೆಯವನು ಎದ್ದ. ಅದರ ಮುಂದಿನದಕ್ಕೆ ಮೂವರು ಒಟ್ಟಿಗೇ ಎದ್ದರು.

ಅದು ದಯೆಯೇ, ಸಂದೇಹವಿಲ್ಲ. ಆದರೆ ದೇವರು ದಯೆಯನ್ನು ಕಳಿಸುವಾಗ ಅದರ ಸೆರಗಿಗೆ ಒಂದಿಷ್ಟು ಸ್ವಾರ್ಥವನ್ನೂ ಕಟ್ಟಿ ಕಳಿಸುತ್ತಾನೆ. ಬಹಳ ದಿನ ಬಾಳಿಕೆ ಬರಲಿ ಅಂತ.

ಕೆಲವೇ ವಾರಗಳಲ್ಲಿ ಪಾಳಿಗೆ ಜಗಳ ಶುರುವಾಯಿತು.

"ಹೋದ ವಾರಾನೂ ನೀನೇ ಹೋಗಿದ್ದೆ!"

"ಮಗು ನನ್ನನ್ನೇ ಕೇಳುತ್ತೆ, ನಾನೇನ್ ಮಾಡ್ಲಿ?"

"ಅದು ಕೇಳೋದು ನಿನ್ನನ್ನಲ್ಲ ಕಣಯ್ಯ, ನಿನ್ನ ಜೇಬಲ್ಲಿರೋ ಬಿಸ್ಕತ್ತನ್ನ."

ಒಮ್ಮೆ ನಿದ್ದೆ ತಡೆಯಲಾರದೆ ಬೀಕರಣ್ಣ, "ಇವತ್ತು ನಾನೇ ಹೋಗ್ತೀನಿ" ಎಂದು ಎದ್ದ. ಔಷಧದಂಗಡಿಯವನು ಭುಜ ಒತ್ತಿ ಕೂರಿಸಿದ. "ಛೆ ಛೆ, ನೀವು ಓದಬೇಕು ಅಣ್ಣ. ಪಾಪ, ಅಕ್ಕ ನಿಮ್ಮ ಹುದ್ದೆಗೆ ಕಾಯ್ತಿದಾರೆ."

ಹೀಗೆ ಇಡೀ ತರಗತಿಯಲ್ಲಿ ಮಕ್ಕಳ ಕಾಟ ತಗಲದೆ ಒಂದು ಪಾಠವನ್ನೂ ಬಿಡದೆ ಕೇಳಿದವನು ಮಕ್ಕಳ ತಂದೆಯೊಬ್ಬನೇ.

ವರ್ಷದ ಕೊನೆಗೆ ಹಾಜರಿ ಕಡಿಮೆಯಾದವರ ಹೆಸರುಗಳನ್ನು ಬೋರ್ಡಿಗೆ ಅಂಟಿಸಿದರು. ಅರ್ಧ ತರಗತಿ ಅಲ್ಲಿತ್ತು. ಬೀಕರಣ್ಣ ಇರಲಿಲ್ಲ.

"ನಿಮ್ಮ ಮಕ್ಕಳನ್ನ ಎತ್ತಿ ಆಡಿಸಿ ನಾವು ಮುಳುಗಿದ್ವಲ್ಲ ಅಣ್ಣ!" ಎಂದು ಔಷಧದಂಗಡಿಯವನು ಹಣೆ ಹಣೆ ಚಚ್ಚಿಕೊಂಡ.

ಮೇಡಂ ಕರಗಿ, ಪರೀಕ್ಷೆಗೆ ಮೊದಲು ಅವರಿಗಾಗಿ ಒಂದು ತಿಂಗಳು ಹೆಚ್ಚುವರಿ ತರಗತಿ ಇಟ್ಟರು. ಬೀಕರಣ್ಣ ಹೋಗಬೇಕಿರಲಿಲ್ಲ. ಮನೆಯಲ್ಲಿ ಕೂತು ಓದಿಕೊಂಡಿದ್ದರೆ ಹುದ್ದೆ ಕೈಗೆ ಬಂದ ಹಾಗೆಯೇ. ಆದರೆ ತನ್ನಿಂದ ಮುಳುಗಿದವರನ್ನು ದಡದಲ್ಲಿ ನಿಂತು ನೋಡುವುದು ಹೇಗೆ? ಬಿಟ್ಟುಹೋದ ಪಾಠ ಹೇಳಿಕೊಡೋಣವೆಂದು ಪುಸ್ತಕವನ್ನೂ ಮಕ್ಕಳನ್ನೂ ಎತ್ತಿಕೊಂಡು ರೈಲು ಹತ್ತಿದ.

ಅಲ್ಲಿ ನೋಡಿದರೆ ಕಾರಿಡಾರಿನ ತುಂಬ ಮಕ್ಕಳು. ಔಷಧದಂಗಡಿಯವನ ಅವಳಿ, ಕಾರ್ಖಾನೆಯವನ ಮೂರು. 'ಅಲ್ಲಿ ಮಕ್ಕಳನ್ನ ನೋಡ್ಕೊಳ್ಳೋರು ಇದಾರಂತಲ್ಲ, ಇವನ್ನೂ ಕರ್ಕೊಂಡು ಹೋಗಿ' ಎಂದು ಹೆಂಡಿರು ಜೊತೆಗೆ ಕಳಿಸಿದ್ದರು. ಒಳಗೆ ಹೋಗಬೇಕಾದವರೆಲ್ಲ ಒಳಗೆ ಹೋದರು. ಹೊರಗೆ ಉಳಿದದ್ದು ಹಾಜರಿ ತುಂಬಿದ್ದ ಒಬ್ಬನೇ. ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದು ಕೈಯಲ್ಲಿ ಯಾರದೋ ಮೂಗು ಒರೆಸುತ್ತ ಅವನು ತಿಂಗಳು ಕಳೆದ. ಪುಟ ತಿರುವಬೇಕಾದರೆ ಮೂಗನ್ನು ಬಿಡಬೇಕಿತ್ತು.

"ಅಂತೂ ಒಂದು ತಿಂಗಳಾದ್ರೂ ಮಕ್ಕಳನ್ನ ನೋಡ್ಕೊಂಡ್ರಿ" ಎಂದಳಂತೆ ಹೆಂಡತಿ, "ಊರವರದ್ದು."

ಹೇಗೋ ಪಾಸಾದ. ಹುದ್ದೆಯೂ ಸಿಕ್ಕಿತು. ಹೆಂಡತಿ ಭಾನುವಾರದ ಡ್ಯೂಟಿ ಬಿಟ್ಟಳು.

ಆ ಮೊದಲ ಭಾನುವಾರ ಬೆಳಿಗ್ಗೆ ನಾನು ದೇವರಿಗೆ ಕೈಮುಗಿದು ಏಳುವ ಹೊತ್ತಿಗೆ ಮೇಲಿನಿಂದ ಅಳು ಕೇಳಿಸಿತು. ಯಾರಿಗೆ ಏನಾಯಿತೋ ಎಂದು ಹತ್ತಿ ಹೋದೆ. ಹುಡುಗ ಬೂಟು, ಚೀಲ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದ.

"ಟ್ರೇನಿಗೆ ಹೊತ್ತಾಯ್ತು!"

"ಕಾಲೇಜು ಮುಗೀತು ಮರಿ. ಇವತ್ತು ಎಲ್ಲರೂ ಮನೇಲೇ" ಎಂದ ಬೀಕರಣ್ಣ.

"ಮನೇಲಿ ಏನ್ ಮಾಡೋದು?"

 ಪಾಪ, ಅದು ಗಂಡ ಹೆಂಡತಿಗೂ ಗೊತ್ತಿರಲಿಲ್ಲ.

"ನೋಡಿ ಅಮ್ಮ, ನಾನು ಮನೇಲಿರೋದಕ್ಕೆ ಅಳ್ತಿದಾನೆ" ಎಂದು ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣನ್ನೂ ಒರೆಸಿಕೊಂಡಳು. ಆಮೇಲೆ ಒಲೆಯ ಮೇಲಿದ್ದ ಅಡುಗೆಯನ್ನು ಇಳಿಸಿ ಡಬ್ಬಿಗೆ ತುಂಬಿದಳು.

"ಆಯ್ತು, ನಡಿ. ತೋರ್ಸು ನಿನ್ನ ಕಾಲೇಜನ್ನ."

ನಾಲ್ವರೂ ಮೆಟ್ಟಿಲಿಳಿದರು. ಬೀದಿಯ ತಿರುವಿನಲ್ಲಿ ಮಗಳು ತಾಯಿಯ ಕೈಹಿಡಿದು ಹೇಳುತ್ತಿದ್ದಳು: "ಅಮ್ಮ, ನೀನು ಹೊಸಬಳು. ಸ್ಟೇಷನ್ನಿನಲ್ಲಿ ನನ್ನ ಕೈ ಬಿಡಬೇಡ."