ಹದಿನೈದು ರೌಂಡಿನ ಖೋ-ಖೋ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದೆ. ಕಾಲೇಜಿನ ಹುಡುಗಿಯರ ಖೋ-ಖೋ ತಂಡದಲ್ಲೂ ಇದ್ದೆ. ನಮ್ಮ ಆಟದ ಮೇಷ್ಟ್ರಿಗೆ ಎಲ್ಲ ಕಾಯಿಲೆಗೂ ಒಂದೇ ಔಷಧಿ ಗೊತ್ತಿತ್ತು: ಮೈದಾನಕ್ಕೆ ಹದಿನೈದು ರೌಂಡು. ಓಟ ನಿಧಾನವಾದರೆ ರೌಂಡು, ಜಿಗಿತ ಸಾಲದಿದ್ದರೆ ರೌಂಡು, ಪಂದ್ಯ ಸೋತರಂತೂ ಕೇಳುವುದೇ ಬೇಡ. ತಾವು ಮಾತ್ರ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು, ನಮ್ಮ ಪರವಾಗಿ ಬೆವರು ಒರೆಸಿಕೊಳ್ಳುತ್ತಿದ್ದರು. ಈ ಮಹಾ ತರಬೇತಿಯಿಂದ ನಾವು ಎಷ್ಟು ಹೊತ್ತು ಬೇಕಾದರೂ ನಿಧಾನವಾಗಿ ಓಡಬಲ್ಲವರಾದೆವು.

ಖೋ-ಖೋದಲ್ಲಿ ಈ ವಿದ್ಯೆಗೆ ಬೆಲೆಯಿಲ್ಲವೆಂದು ಹರಿಹರದ ಪಂದ್ಯದಲ್ಲಿ ತಿಳಿಯಿತು. ಕೂತಲ್ಲಿಂದ ಎದ್ದು ನಾವು ಮೂರು ಹೆಜ್ಜೆ ಇಡುವಷ್ಟರಲ್ಲಿ ಅವರ ಹುಡುಗಿಯರು ಕಂಬ ದಾಟಿರುತ್ತಿದ್ದರು. ಸೋತೆವು ಎನ್ನುವುದಕ್ಕಿಂತ, ಅವರ ಆಟವನ್ನು ತೀರ ಹತ್ತಿರದಿಂದ ನೋಡಿ ಬಂದೆವು ಎನ್ನಬಹುದು.

ಅವರಿಗೆ ಕಲಿಸುತ್ತಿದ್ದವರು ಊರ ಪಕ್ಕದ ಗುತ್ತೂರಿನ ಕಡೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದ, ಹಿಂದೆ ತಾವೂ ಚೆನ್ನಾಗಿ ಆಡಿದ್ದ ಹೆಂಗಸು. ನಾಚಿಕೆ ಬಿಟ್ಟು ಅವರ ಮುಂದೆ ನಿಂತೆ.

“ಅಕ್ಕಾರೆ, ನಿಮ್ಮ ಹುಡುಗ್ಯಾರು ಅಷ್ಟು ಜೋರು ಹೆಂಗೆ ಓಡ್ತಾರ್ರಿ?”

“ಜೋರು ಓಡೋದನ್ನೇ ಕಲಿಸೀನಿ. ನೀವೇನು ಮಾಡ್ತೀರಿ?”

“ದಿನಾ ಹದಿನೈದು ರೌಂಡು ಓಡ್ತೀವ್ರಿ.”

“ಯಾಕ, ದಾವಣಗೆರೆಯಿಂದ ಇಲ್ಲಿಗೆ ಓಡಿಕೊಂಡೇ ಬರೋದಿತ್ತೇನು?” ಎಂದು ನಕ್ಕು, “ಭಾನುವಾರ ಬಾ” ಎಂದರು.

ಹರಿಹರದಲ್ಲಿ ಚಿಕ್ಕಮ್ಮನ ಮನೆಯಿತ್ತು. ದಾವಣಗೆರೆ ಮಂಡಿಪೇಟೆಯ ನಮ್ಮ ಮನೆಯಲ್ಲಿ, ನನಗೆ ಚಿಕ್ಕಮ್ಮನ ಮೇಲೆ ಇದ್ದಕ್ಕಿದ್ದಂತೆ ಉಕ್ಕಿದ ಪ್ರೀತಿಯನ್ನು ಯಾರೂ ಅನುಮಾನಿಸಲಿಲ್ಲ.

ಮೊದಲ ಭಾನುವಾರ ಆ ಅಕ್ಕ ನನ್ನನ್ನು ಹಾರಿಸಿ, ಇಳಿಯುವುದನ್ನು ಕಲಿಸಿದರು. ಮಂಡಿ ಬಗ್ಗಿಸಿ, ಸದ್ದಾಗದಂತೆ ಇಳಿಯಬೇಕು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಎದ್ದು, ಇಪ್ಪತ್ತು ಹೆಜ್ಜೆ ಜೀವ ಬಿಟ್ಟು ಓಡಬೇಕು. ನಡೆದು ವಾಪಸ್ ಬಂದು, ಉಸಿರು ಪೂರ್ತಿ ತಿರುಗುವವರೆಗೆ ಸುಮ್ಮನೆ ನಿಲ್ಲಬೇಕು. ಹೀಗೆ ಆರು ಸಲ ಆದ ಮೇಲೆ, “ಸಾಕು, ಮನೀಗೆ ಹೋಗು. ಸುಸ್ತಾದ ಕಾಲು ಜೋರು ಓಡೋದು ಕಲಿಯಾಂಗಿಲ್ಲ” ಎಂದರು. ಅಷ್ಟು ದೂರ ಬಂದದ್ದು ಇಷ್ಟಕ್ಕೇನಾ ಎಂದು ನನಗೆ ಮೋಸವಾದಂತೆ ಅನಿಸಿತು.

ಕಾಲೇಜಿನಲ್ಲಿ ಅದನ್ನೇ ಮಾಡತೊಡಗಿದಾಗ ಮೇಷ್ಟ್ರು ಕುರ್ಚಿಯಿಂದಲೇ ಕೂಗಿದರು.

“ಏನಮ್ಮಾ, ಬಸ್ಸಿಗೆ ಕಾಯ್ತೀಯೇನು?”

“ಉಸಿರು ತಿರುಗ್ಲಿ ಅಂತ ನಿಂತೀನಿ ಸಾರ್. ಇದೂ ಪ್ರಾಕ್ಟೀಸೇ ಅಂತೆ.”

“ನಿಲ್ಲೋದು ಪ್ರಾಕ್ಟೀಸ್ ಆಗಿದ್ರೆ ಆ ಕಂಬ ಇಷ್ಟೊತ್ತಿಗೆ ಸ್ಟೇಟ್ ಲೆವೆಲ್‌ಗೆ ಹೋಗಿರ್ತಿತ್ತು. ನಡಿ, ರೌಂಡು ಹಾಕು!”

ಪುಣ್ಯಕ್ಕೆ ಆಗೆಲ್ಲ ದೆಹಲಿಯ ಸರ್ಕಾರಗಳು ನಮ್ಮ ತಂಡದಷ್ಟೇ ಬೇಗ ಔಟಾಗುತ್ತಿದ್ದವು. ಮತ್ತೆ ಚುನಾವಣೆ ಬಂತು, ಮೇಷ್ಟ್ರು ಆ ಕೆಲಸಕ್ಕೆ ಹೋದರು. ಅವರಿಲ್ಲದ ವಾರಗಳಲ್ಲಿ ಇಡೀ ತಂಡ ನನ್ನ ಜೊತೆ ಸೇರಿ ದಿನ ಬಿಟ್ಟು ದಿನ ಹೀಗೆ ಓಡಿತು, ಹಾರಿತು, ನಿಂತಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಜಿಗಿದೆವು. ಮೊದಲೆರಡು ವಾರ ಗುರುತು ಅಲ್ಲಾಡಲಿಲ್ಲ. ಆಮೇಲೆ ಒಂದು ಸಂಜೆ ನನ್ನ ಕೈ ಅದಕ್ಕಿಂತ ಎರಡು ಬೆರಳು ಮೇಲೆ ಬಡಿಯಿತು. ಯಾರಾದರೂ ಗುರುತು ಅಳಿಸಿ ಕೆಳಗೆ ಹಾಕಿದ್ದೀರಾ ಎಂದು ಎಲ್ಲರನ್ನೂ ಕೇಳಿದೆ.

ಮತ್ತೆ ಹರಿಹರದವರ ಜೊತೆಗೇ ಪಂದ್ಯ. ಬೆನ್ನ ಹಿಂದೆ “ಖೋ” ಕೇಳಿದ್ದೇ ತಡ, ಎದ್ದೆ. ನಾಲ್ಕನೇ ಹೆಜ್ಜೆಗೆ ಅವರ ಹುಡುಗಿಯ ಜಡೆ ನನ್ನ ಕೈಯಳತೆಯಲ್ಲಿತ್ತು. ಕಂಬದ ಬಳಿ ಚಾಚಿ ಬಿದ್ದು ಮುಟ್ಟಿದೆ. ಮಂಡಿ ತರಚಿ ಹೋಗಿತ್ತು. ನಾನು ಮಣ್ಣಲ್ಲಿ ಬಿದ್ದುಕೊಂಡೇ ನಗುತ್ತಿದ್ದೆ.

ಕೊನೆಗೆ ಸೋತೆವು, ಒಂದೇ ಅಂಕದಿಂದ. ಚುನಾವಣೆ ಮುಗಿಸಿ ಬಂದಿದ್ದ ಮೇಷ್ಟ್ರು ಪ್ರಿನ್ಸಿಪಾಲರಿಗೆ, “ನೋಡಿದ್ರಾ ಸಾರ್, ನನ್ನ ರೌಂಡು ಈಗ ಕೆಲಸ ಮಾಡಾಕತ್ತೈತೆ” ಎಂದು ಬಹಳ ವಿನಯದಿಂದ ಹೇಳಿದರು. ನಗು ಬಂದೀತೆಂದು ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹರಿಹರದ ಅಕ್ಕ ಬಂದು ನನ್ನ ಮಂಡಿಗೆ ನೀರು ಹಾಕಿ ತೊಳೆದರು.

“ಭಾನುವಾರ ಬರ್ಲೇನ್ರಿ?” ಎಂದೆ.

“ಬ್ಯಾಡ ತಾಯಿ. ಇನ್ನೊಂದು ವಾರ ಕಲಿಸಿದ್ರೆ ನಮ್ಮ ಹುಡುಗ್ಯಾರು ನನ್ನ ಊರು ಬಿಡಿಸ್ತಾರ.”