ಲಿಫ್ಟಮ್ಮನ ಕೊನೆಯ ತಿಂಗಳು

ಇಲಾಖೆಯಲ್ಲಿ ಎಲ್ಲರೂ ಅವಳನ್ನು ಲಿಫ್ಟಮ್ಮ ಎಂದೇ ಕರೆಯುತ್ತಿದ್ದರು. ಊರಿನ ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷಿಸುವುದು, ಸರಿಯಿದ್ದರೆ ಪ್ರಮಾಣಪತ್ರ ಕೊಡುವುದು, ಇಲ್ಲದಿದ್ದರೆ ಮುಲಾಜಿಲ್ಲದೆ ಸೀಲು ಹಾಕುವುದು, ಇದೇ ಹತ್ತೊಂಬತ್ತು ವರ್ಷಗಳ ಕೆಲಸ. ಈಗ ಲಿಫ್ಟ್ ತಯಾರಿಸುವ ಖಾಸಗಿ ಕಂಪನಿಯೊಂದು ಕರೆದಿತ್ತು. ರಾಜೀನಾಮೆ ಕೊಟ್ಟಾಗಿತ್ತು, ಉಳಿದದ್ದು ಒಂದು ತಿಂಗಳು.

ಸಿಟ್ಟಿಗೆ ಬಿಡುತ್ತಿದ್ದಾಳೆ ಎಂದು ಜನ ಆಡಿಕೊಂಡರು. ಹೋದ ವರ್ಷ ಒಂದು ಆಸ್ಪತ್ರೆಯ ಲಿಫ್ಟನ್ನು ಓಡಿಸಕೂಡದು ಎಂದು ಅವಳು ಬರೆದಿದ್ದಳು. ಮೂರೇ ದಿನದಲ್ಲಿ ಇಲಾಖೆಯ ಸಾಹೇಬರು ತಾವೇ ಸಹಿ ಹಾಕಿ ಓಡಿಸಿದ್ದರು. ಆವತ್ತು ಸಿಟ್ಟು ಬಂದದ್ದು ನಿಜ. ಆಮೇಲೆ ಅದೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯಂತೆ, ಮುಟ್ಟಿದರೆ ತನ್ನದೇ ಅನ್ನಿಸದಂಥ ಸ್ಥಿತಿ.

"ಅಲ್ಲ ಕಣೇ, ಬಂಡೆಯಂಥ ಸರ್ಕಾರಿ ಕೆಲಸ. ಬಿಡೋಕೆ ನಿನಗೇನು ಬಂತು?" ಎಂದರು ಅತ್ತೆ.

"ಏನೂ ಬರ್ತಿಲ್ಲ ಅತ್ತೆ, ಅದಕ್ಕೇ."

ಅತ್ತೆ ಸೊಸೆಯ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ಟಾರ್ಚು, ಸೀಲು ಒತ್ತುವ ಇಕ್ಕಳ, ಲಿಫ್ಟಿನ ಉಕ್ಕಿನ ಹಗ್ಗದ ದಪ್ಪ ಅಳೆಯುವ ಉಪಕರಣ, ಎಲ್ಲವನ್ನೂ ಸ್ಟೋರಿಗೆ ಒಪ್ಪಿಸಬೇಕಿತ್ತು. "ಈ ಪೆಟ್ಟಿಗೆ ಮುಚ್ಚಳ ಎಲ್ಲಿ ಮೇಡಂ?" ಎಂದ ಸ್ಟೋರಿನವನು. ನನಗೆ ಕೊಟ್ಟಾಗಲೇ ಇರಲಿಲ್ಲ ಎಂದಳು. ಅವನು ಅರ್ಧ ಗಂಟೆ ಹಳೆಯ ರಿಜಿಸ್ಟರ್ ತಿರುವಿದ.

ಕೊನೆಯ ವಾರ ಅದೇ ಆಸ್ಪತ್ರೆಯ ಫೈಲು ಮತ್ತೆ ಅವಳ ಮೇಜಿಗೇ ಬಂತು.

"ಹೋಗೋ ಹೊತ್ತಲ್ಲಿ ಇಲ್ಲದ ಉಸಾಬರಿ ಯಾಕಮ್ಮ? ಒಂದು ಸಹಿ ಹಾಕಿಬಿಡಿ," ಎಂದರು ಸಾಹೇಬರು.

"ನೋಡ್ಕೊಂಡು ಬರ್ತೀನಿ ಸಾರ್."

ಇಕ್ಕಳ, ಟಾರ್ಚು ಮತ್ತೆ ಇಸಿದುಕೊಂಡು ಮಹಡಿ ಮೇಲಿನ ಯಂತ್ರದ ಕೋಣೆಗೆ ಹತ್ತಿದಳು. ಉಕ್ಕಿನ ಹಗ್ಗದ ಎಳೆಗಳು ಹೋದ ವರ್ಷಕ್ಕಿಂತ ಹೆಚ್ಚು ಕಿತ್ತುಹೋಗಿದ್ದವು. ಕೆಳಗಿಳಿದು ಬಾಗಿಲಿಗೆ ಸೀಲು ಒತ್ತಿದಳು.

"ರೋಗಿಗಳನ್ನ ಹೇಗೆ ಮೇಲಕ್ಕೆ ಸಾಗಿಸೋದಮ್ಮ?" ಎಂದ ಲಿಫ್ಟ್ ನಡೆಸುವ ಮುದುಕ.

"ಹಿಂದುಗಡೆ ಇಳಿಜಾರು ದಾರಿ ಇದೆಯಲ್ಲ."

"ತಳ್ಳೋರು ನಾವು ತಾನೇ," ಎಂದು ಅವನು ಗೊಣಗಿದ. ಒಳಗೆಲ್ಲೋ ಒಂದಿಷ್ಟು ಸಮಾಧಾನವಾಗಬಹುದು ಎಂದುಕೊಂಡಿದ್ದಳು. ಆಗಲಿಲ್ಲ.

ಈ ಸಲ ಸಾಹೇಬರು ಸಹಿ ಹಾಕುವ ಗೋಜಿಗೆ ಹೋಗಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ, ಪರೀಕ್ಷೆ ಸರಿಯಾಗಿ ಮಾಡಲಿಲ್ಲ ಎಂದು ತಪ್ಪು ಹೊರಿಸಲು ಅವಳೇ ಇರುವುದಿಲ್ಲವಲ್ಲ! ಆಸ್ಪತ್ರೆಯವರು ಹೊಸ ಹಗ್ಗ ತರಿಸಿದರು.

ಬೀಳ್ಕೊಡುಗೆಯ ಸಂಜೆ ಗಂಡ ಕೇಳಿದ, "ಹೇಗಿತ್ತೇ?"

"ಕುರ್ಚಿ ಸಾಲಲಿಲ್ಲ. ನಾಲ್ಕು ಜನ ನಿಂತೇ ಇದ್ದರು."

ಅಷ್ಟು ಜನ ಬಂದಿದ್ದರೇ ಎಂದು ಅವನು ಹಿಗ್ಗಿದ. ಅವಳು ಚಪ್ಪಲಿ ಬಿಚ್ಚಿಟ್ಟು, ಸೋಮವಾರ ಹೊಸ ಆಫೀಸಿಗೆ ಯಾವ ಬಸ್ಸು ಹೋಗುತ್ತದೆ ಎಂದು ವಿಚಾರಿಸಿದಳು.